ಗದಿಗೆಪ್ಪನ ಕಂದು ಕೊಬ್ಬು

ಏಪ್ರಿಲ್ ಬಿಸಿಲಿಗೆ ಹುಬ್ಬಳ್ಳಿಯ ರಸ್ತೆಗಳ ಡಾಂಬರು ಮೆತ್ತಗಾಗಿದ್ದ ಒಂದು ಮಧ್ಯಾಹ್ನ ಗದಿಗೆಪ್ಪ ಬಡಿಗೇರ ಸ್ವೆಟರ್ ಹಾಕಿಕೊಂಡು ಆಸ್ಪತ್ರೆಗೆ ಬಂದ. ಆಸ್ಪತ್ರೆಯ ಹಿಂಬದಿಯಲ್ಲಿದ್ದ ಸಂಶೋಧನಾ ವಿಭಾಗದ ಬಾಗಿಲಲ್ಲಿ ನಿಂತು ಅವನು ಮೊದಲು ಕೇಳಿದ್ದು ಒಳಗೆ ಏಸಿ ಹಚ್ಚಿದ್ದಾರೆಯೇ ಎಂದು. ಹಚ್ಚಿದ್ದರೆ ತಾನು ಹೊರಗೇ ಕೂರುವುದಾಗಿ ಹೇಳಿದ. ಡಾಕ್ಟರ್ ಮಾಲಿನಿ ಅರಳಿಕಟ್ಟಿ ತಾನೇ ಎದ್ದು ಹೋಗಿ ಏಸಿ ಆರಿಸಿದಳು.

ಅವನಿಗೆ ಆಗ ಅರವತ್ತೊಂಬತ್ತು. ಗೋಕುಲ ರಸ್ತೆಯ ಕಡೆಯ ಒಂದು ಎರಕದ ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ನಿಂತು ಆಯುಷ್ಯ ಕಳೆದವನು. ಕೆಲಸದ ಕಾಲದಲ್ಲಿ ಮನೆಗೆ ಬಂದರೆ ಚಳಿಗಾಲದಲ್ಲೂ ಅಂಗಳದಲ್ಲಿ ಬರಿಮೈಯಲ್ಲಿ ಮಲಗುತ್ತಿದ್ದನಂತೆ. ಹೆಂಡತಿ ತೀರಿಕೊಂಡ ಮೇಲೋ, ಕೆಲಸ ಬಿಟ್ಟ ಮೇಲೋ, ಯಾವಾಗಿನಿಂದ ಎಂದು ಅವನಿಗೇ ಗೊತ್ತಿಲ್ಲ, ಚಳಿ ಮೈಯೊಳಗೆ ಹೊಕ್ಕು ಕೂತಿತ್ತು. ತೋಳು ಸಣ್ಣಗಾಗಿ ಚರ್ಮ ಜೋತುಬಿದ್ದಿತ್ತು. ಕೆನ್ನೆ ಒಳಸೇರಿತ್ತು. ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ತಿನ್ನುವುದು ಎರಡು ರೊಟ್ಟಿ, ಮತ್ತೆ ಈ ಹೊಟ್ಟೆ ಎಲ್ಲಿಂದ ಬಂತು ಎನ್ನುವುದೇ ತನಗೆ ಒಗಟು ಎಂದ.

ಅದೇ ಒಗಟಿನ ಹಿಂದೆ ಮಾಲಿನಿ ಹನ್ನೆರಡು ವರ್ಷಗಳಿಂದ ಬಿದ್ದಿದ್ದಳು. ಕೊಬ್ಬು ಎಂದರೆ ಸುಮ್ಮನೆ ತುಂಬಿಟ್ಟ ಎಣ್ಣೆ ಎಂದು ಜನ ತಿಳಿದಿರುತ್ತಾರೆ. ಅದೂ ಯಕೃತ್ತು, ಮೂತ್ರಪಿಂಡಗಳ ಹಾಗೆ ಒಂದು ಅಂಗ, ಅದಕ್ಕೂ ವಯಸ್ಸಾಗುತ್ತದೆ. ನಲವತ್ತು ದಾಟಿದ ಮೇಲೆ ಚರ್ಮದ ಕೆಳಗಿನ ಕೊಬ್ಬು ತೋಳು, ತೊಡೆ, ಕೆನ್ನೆಗಳನ್ನು ಬಿಟ್ಟು ಹೊರಡುತ್ತದೆ, ಹೊಟ್ಟೆಯೊಳಗೆ ಕರುಳಿನ ಸುತ್ತ ಬಂದು ತಂಗುತ್ತದೆ. ಹಳೆಯ ಕೋಶಗಳು ಕೆಲಸವನ್ನೂ ಮಾಡದೆ, ಸಾಯಲೂ ಸಾಯದೆ, ಪಕ್ಕದ ಕೋಶಗಳನ್ನೂ ಕೆಡಿಸುತ್ತ ಕೂರುತ್ತವೆ. ಇದು ಬಿಳಿ ಕೊಬ್ಬಿನ ಕಥೆ. ಕಂದು ಕೊಬ್ಬು ಎಂಬ ಇನ್ನೊಂದು ಜಾತಿಯಿದೆ. ಬಿಳಿಯದು ಉಗ್ರಾಣವಾದರೆ ಇದು ಒಲೆ. ಹುಟ್ಟಿದ ಕೂಸಿಗೆ ಚಳಿಯಾದರೆ ನಡುಗಲು ಬರುವುದಿಲ್ಲ. ಅದರ ಬೆನ್ನಿನಲ್ಲಿ, ಹೆಗಲಮೂಳೆಗಳ ನಡುವೆ ಇರುವ ಕಂದು ಕೊಬ್ಬು ಉರಿದು ಮೈಯನ್ನು ಬೆಚ್ಚಗಿಡುತ್ತದೆ. ದೊಡ್ಡವರಾದಂತೆ ಅದು ಕರಗುತ್ತ ಹೋಗಿ ಮುಪ್ಪಿನಲ್ಲಿ ಬಹುಪಾಲು ಆರಿಹೋಗುತ್ತದೆ.

ಆರಿದ ಆ ಒಲೆಯನ್ನು ಮತ್ತೆ ಹಚ್ಚಬಹುದೇ ಎಂಬುದು ಮಾಲಿನಿಯ ಪ್ರಶ್ನೆ. ಒಂದು ಔಷಧ ಕಂಪನಿ ಕತ್ತಿನ ಹಿಂದೆ ಅಂಟಿಸುವ ಒಂದು ಪಟ್ಟಿಯನ್ನು ತಯಾರಿಸಿತ್ತು. ಅದರಿಂದ ಔಷಧ ನಿಧಾನವಾಗಿ ಚರ್ಮದೊಳಗೆ ಇಳಿದು ಕಂದು ಕೊಬ್ಬನ್ನು ಎಬ್ಬಿಸಬೇಕು. ಅರವತ್ತು ಮಂದಿ ಹಿರಿಯರನ್ನು ಆರಿಸಿ ಅರ್ಧ ಜನಕ್ಕೆ ಔಷಧದ ಪಟ್ಟಿ, ಇನ್ನರ್ಧಕ್ಕೆ ಬರೀ ಖಾಲಿ ಪಟ್ಟಿ ಕೊಟ್ಟರು. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ಪಡೆಯುವವರಿಗೂ ಗೊತ್ತಿಲ್ಲ.

ಫಲ ನೋಡಲು ಹೊಸ ಕ್ಯಾಮೆರಾ ಬಂದಿತ್ತು. ಹಿಂದೆ ಕಂದು ಕೊಬ್ಬನ್ನು ಕಾಣಬೇಕಾದರೆ ವಿಕಿರಣ ಬೆರೆಸಿದ ಸಕ್ಕರೆಯನ್ನು ರಕ್ತಕ್ಕೆ ಚುಚ್ಚಬೇಕಿತ್ತು. ಈ ಕ್ಯಾಮೆರಾ ಬರಿಮೈಯ ಮುಂದೆ ಹಿಡಿದರೆ ಸಾಕು, ಚರ್ಮದಾಚೆಗೆ ನೋಡುತ್ತಿತ್ತು. ಬಿಳಿ ಕೊಬ್ಬು ಬೂದು ಬಣ್ಣದಲ್ಲಿ, ಉರಿಯುತ್ತಿರುವ ಕಂದು ಕೊಬ್ಬು ಕಿತ್ತಳೆ ಬಣ್ಣದಲ್ಲಿ ತೆರೆಯ ಮೇಲೆ ಮೂಡುತ್ತಿತ್ತು. ಕ್ಯಾಮೆರಾ ಬಂದ ವಾರವೇ ಮಾಲಿನಿ ಬಾಗಿಲು ಹಾಕಿಕೊಂಡು ತನ್ನನ್ನು ತಾನು ನೋಡಿಕೊಂಡಿದ್ದಳು. ಅವಳಿಗೆ ನಲವತ್ತಾರು. ನಡುವಿನ ಸುತ್ತ ಬೂದಿಯ ದಪ್ಪ ಸಿಂಬಿ, ಕತ್ತಿನ ಬುಡದಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಎರಡು ಕಿತ್ತಳೆ ಚುಕ್ಕೆ. ಇಷ್ಟಾದರೂ ಉಳಿದಿದೆಯಲ್ಲ ಎಂದುಕೊಂಡಿದ್ದಳು.

ಗದಿಗೆಪ್ಪನ ಬೆನ್ನಿನಲ್ಲಿ ಅದೂ ಇರಲಿಲ್ಲ. ತೆರೆ ಪೂರ್ತಿ ಬೂದು. ಅವನು ಬಗ್ಗಿ ನೋಡಿ, ಭಟ್ಟಿ ಆರೈತಿ ಅಂದಂಗಾತು ಎಂದು ಹೇಳಿ, ಕತ್ತಿಗೆ ಪಟ್ಟಿ ಅಂಟಿಸಿಕೊಂಡು ಹೋದ.

ಆಮೇಲೆ ಎರಡು ಸಲ ಕರೆದಾಗ ಅವನು ಬರಲಿಲ್ಲ. ಫೋನ್ ಮಾಡಿದರೆ, ಮನೆಯಲ್ಲಿ ಸ್ವಲ್ಪ ತ್ರಾಸಿದೆ ಎಂದಷ್ಟೇ ಹೇಳಿದ. ಜುಲೈ ಕೊನೆಯ ಜಿಟಿಜಿಟಿ ಮಳೆಯಲ್ಲಿ ಬಂದವನು ಹೇಳುವ ಮೊದಲೇ ಅಂಗಿ ಕಳಚಿ ಕ್ಯಾಮೆರಾದ ಮುಂದೆ ಕೂತ. ತೆರೆಯ ಮೇಲೆ ಬಂದ ಚಿತ್ರ ನೋಡಿ ಮಾಲಿನಿ ಯಂತ್ರದಲ್ಲಿ ಬೇರೆ ಯಾರದೋ ಚಿತ್ರ ಉಳಿದಿದೆ ಎಂದು ತಿಳಿದಳು. ಅಳಿಸಿ ಮತ್ತೆ ತೆಗೆದಳು. ಮತ್ತೆ ಅದೇ ಬಂತು. ಹೆಗಲಮೂಳೆಗಳ ನಡುವೆ ಅಂಗೈಯಗಲದ ಕಿತ್ತಳೆ ಹರಡಿ, ಅಲ್ಲಿಂದ ಬೆನ್ನುಹುರಿಯ ಗುಂಟ ಕೆಳಗೆ ಇಳಿದಿತ್ತು. ಇಪ್ಪತ್ತರ ಹುಡುಗರಲ್ಲಿ ಕೂಡ ಅವಳು ಅಷ್ಟನ್ನು ಕಂಡಿರಲಿಲ್ಲ. ರಕ್ತ ನೋಡಿದರೆ ಸಕ್ಕರೆ ಇಳಿದಿತ್ತು. ಹೊಟ್ಟೆ ಎರಡು ಬೆರಳು ಒಳಗೆ ಹೋಗಿತ್ತು. ನಿದ್ದೆ ಹೇಗಿದೆ ಎಂದು ಕೇಳಿದರೆ ಅವನು ಏನೋ ನೆನಪಾದವನಂತೆ ನಕ್ಕು, ನಿದ್ದೆ ಅಷ್ಟಿಲ್ಲ, ಆದರೆ ಆರಾಮ ಇದ್ದೇನೆ ಎಂದ.

ವಿಭಾಗದ ಮುಖ್ಯಸ್ಥ ವಿಲಾಸ ದೇಸಾಯಿ ಚಿತ್ರ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಸುದ್ದಿ ಕಂಪನಿಗೆ ಹೋಯಿತು. ಅಷ್ಟು ದೊಡ್ಡ ಬದಲಾವಣೆ ಕಂಡರೆ ಅಪಾಯವಿದೆಯೇ ಎಂದು ನೋಡಲು ಆ ಒಬ್ಬನ ಗುಟ್ಟನ್ನು ಮಾತ್ರ ಬಿಚ್ಚಬೇಕೆಂದು ನಿಯಮವಿತ್ತು. ಬಿಚ್ಚಿದರು. ಗದಿಗೆಪ್ಪನಿಗೆ ಕೊಟ್ಟದ್ದು ಖಾಲಿ ಪಟ್ಟಿ.

ಪೊಟ್ಟಣ ಅದಲುಬದಲಾಗಿರಬೇಕು, ಅವನನ್ನು ಲೆಕ್ಕದಿಂದ ಬಿಟ್ಟುಬಿಡೋಣ ಎಂದು ದೇಸಾಯಿ ಹೇಳಿದರು. ಮಾಲಿನಿ ಆಸ್ಪತ್ರೆಯಲ್ಲೇ ಇಟ್ಟಿದ್ದ ಅವನ ಹೆಸರಿನ ಪೊಟ್ಟಣದಲ್ಲಿ ಉಳಿದಿದ್ದ ಪಟ್ಟಿಗಳನ್ನು ಕತ್ತರಿಸಿ ಪರೀಕ್ಷೆ ಮಾಡಿಸಿದಳು. ಒಳಗಿದ್ದದ್ದು ಅಂಟು, ಹತ್ತಿ, ಅಷ್ಟೇ. ಹಾಗಾದರೆ ಊಟ ಇರಬಹುದೇ ಎಂದು ಯೋಚಿಸಿದಳು. ಮೆಣಸಿನ ಖಾರ ಕಂದು ಕೊಬ್ಬನ್ನು ಸ್ವಲ್ಪ ಕೆರಳಿಸುತ್ತದೆ, ಗದಿಗೆಪ್ಪ ದಿನವೂ ರೊಟ್ಟಿಯ ಜೊತೆ ಕೆಂಪು ಮೆಣಸಿನಕಾಯಿಯ ರಂಜಕ ತಿನ್ನುತ್ತಾನೆ. ಹಾಗಿದ್ದರೆ ಇಡೀ ಹುಬ್ಬಳ್ಳಿ ಉರಿಯಬೇಕಿತ್ತು ಎಂದು ದೇಸಾಯಿ ನಕ್ಕರು. ಅವಳಿಗೆ ನಗು ಬರಲಿಲ್ಲ. ಉಳಿದ ಐವತ್ತೊಂಬತ್ತು ಜನರ ಬೆನ್ನುಗಳು, ಔಷಧ ಪಡೆದವರದೂ ಸೇರಿ, ಬೂದಾಗಿಯೇ ಇದ್ದವು. ಏನೂ ಪಡೆಯದವನೊಬ್ಬನ ಬೆನ್ನು ಉರಿಯುತ್ತಿತ್ತು. ಇದನ್ನು ಬಿಟ್ಟು ಇನ್ನು ಯಾವುದನ್ನು ಹುಡುಕುವುದು ಎಂದು ಅವಳಿಗೆ ತಿಳಿಯಲಿಲ್ಲ. ಮರುದಿನ ಸ್ಕೂಟರ್ ಹತ್ತಿ ಹಳೇ ಹುಬ್ಬಳ್ಳಿಯ ಅವನ ಮನೆ ಹುಡುಕಿಕೊಂಡು ಹೋದಳು.

ಬಾಗಿಲು ತೆರೆದೇ ಇತ್ತು. ಗದಿಗೆಪ್ಪ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ಮೈಮೇಲೆ ಅಂಗಿಯಿಲ್ಲ. ಎದೆಗೆ ಅಡ್ಡವಾಗಿ ಹಳೆಯ ಸೀರೆಯೊಂದನ್ನು ಬಿಗಿಯಾಗಿ ಕಟ್ಟಿಕೊಂಡಿದ್ದ. ಆ ಸೀರೆಯ ಮಡಿಕೆಯಿಂದ ಉಣ್ಣೆಯ ಟೋಪಿ ಹಾಕಿದ, ಕಿತ್ತಳೆ ಹಣ್ಣಿನಷ್ಟು ಸಣ್ಣ ತಲೆಯೊಂದು ಕಾಣುತ್ತಿತ್ತು. ಮಾಲಿನಿಯನ್ನು ನೋಡಿ ಅವನು ಗಾಬರಿಯಾಗಿ ಟವೆಲ್ ಹೊದೆಯಲು ಹೋದ. ಕೂಸು ಕುಂಯ್ಗುಟ್ಟಿತು. ಟವೆಲ್ ಬಿಟ್ಟು ಅದರ ಬೆನ್ನು ತಟ್ಟಿದ.

ಕೂಸು ಅವನ ಮಗಳು ಭಾರತಿಯದು. ಬಾಣಂತನಕ್ಕೆ ತವರಿಗೆ ಬಂದವಳಿಗೆ ಏಳು ತಿಂಗಳಿಗೇ ರಕ್ತದ ಒತ್ತಡ ಏರಿ, ಕೂಸನ್ನು ಅವಸರದಲ್ಲಿ ಹೊಟ್ಟೆ ಕೊಯ್ದು ತೆಗೆದಿದ್ದರು. ತೂಕ ಒಂದೂಕಾಲು ಕಿಲೋ. ಭಾರತಿಗೆ ನಂಜೇರಿ ಮತ್ತೊಂದು ಶಸ್ತ್ರಚಿಕಿತ್ಸೆಯಾಯಿತು, ವಾರಗಟ್ಟಲೆ ಐಸಿಯುನಲ್ಲಿದ್ದಳು. ಗಂಡ ಈರಣ್ಣ ಗದಗಿನಲ್ಲಿ ಗೂಡ್ಸ್ ಆಟೋ ಓಡಿಸುವವನು, ಹೆಂಡತಿಯ ಔಷಧ, ರಕ್ತಗಳ ಹಿಂದೆ ಓಡಾಡುತ್ತಿದ್ದ. ಅಷ್ಟು ಸಣ್ಣ ಕೂಸಿನ ಮೈಯಲ್ಲಿ ಕಂದು ಕೊಬ್ಬೂ ಸರಿಯಾಗಿ ಕೂಡಿರುವುದಿಲ್ಲ. ಅದಕ್ಕೆ ಇನ್ನೊಬ್ಬರ ಮೈಯ ಬಿಸಿ ಬೇಕು. ಕಾಂಗರೂ ಆರೈಕೆಗೆ ಯಾರಿದ್ದೀರಿ ಎಂದು ನರ್ಸ್ ಕೇಳಿದಾಗ ಎದುರಿಗಿದ್ದವನು ಗದಿಗೆಪ್ಪ ಒಬ್ಬನೇ. ನರ್ಸ್ ಅವನ ಅಂಗಿ ಬಿಚ್ಚಿಸಿ ಎದೆಗೆ ಕೂಸನ್ನು ಕಟ್ಟಿದ್ದಳು. ಅಂದಿನಿಂದ ಸ್ನಾನ, ಊಟಗಳನ್ನೂ ಮಾಲಿನಿಯ ಹತ್ತಿರ ಬಂದ ಆ ಒಂದು ಹೊತ್ತನ್ನೂ ಬಿಟ್ಟು ಅದು ಅಲ್ಲೇ ಇತ್ತು. ಭಾರತಿ ಮನೆಗೆ ಬಂದು ಎರಡು ವಾರವಾಗಿತ್ತು, ಹೊಟ್ಟೆಯ ಗಾಯ ಮಾಯದೆ ಒಳಕೋಣೆಯಲ್ಲಿ ಮಲಗಿದ್ದಳು.

"ಇದನ್ನ ನನಗ ಯಾಕ ಹೇಳಲಿಲ್ಲ ಕಾಕಾ?" ಎಂದು ಮಾಲಿನಿ ಕೇಳಿದಳು.

ಗದಿಗೆಪ್ಪ ದನಿ ತಗ್ಗಿಸಿದ. "ಏನಂತ ಹೇಳ್ಲಿರಿ ಬಾಯಾರ. ಭಟ್ಟಿ ಮುಂದ ನಿಂತ ಗಂಡಸು ಎದಿಗೆ ಕೂಸು ಕಟ್ಕೊಂಡು ಬಾಣಂತನ ಮಾಡಾಕ ಹತ್ತೇನಿ ಅಂತ ಹೇಳ್ಲ್ಯಾ? ಅದೂ ಅಲ್ದ ನಿಮ್ಮ ಪಟ್ಟಿ ಅವತ್ತ ಕಿತ್ತ ಒಗದೇನಿ. ಔಷಧ ಕೂಸಿನ ಮೈಗೆ ಹತ್ತೀತು ಅಂತ ಅಂಜಿಕಿ ಬಂತು. ನೀವು ಸಿಟ್ಟಾಗ್ತೀರಂತ ಸುಮ್ಮನಿದ್ದೆ."

ಮಾಲಿನಿಗೆ ಸಿಟ್ಟು ಬರಲಿಲ್ಲ. ಅವಳು ನೆಲದ ಮೇಲೆ ಅವನ ಎದುರಿಗೇ ಕೂತು ಆ ಸಣ್ಣ ಟೋಪಿಯನ್ನು ಬಹಳ ಹೊತ್ತು ನೋಡಿದಳು.

ಮುಂದಿನ ವಾರಗಳಲ್ಲಿ ಅವಳು ಹಿಡಿಯಲು ಬರುವ ಸಣ್ಣ ಕ್ಯಾಮೆರಾ ತೆಗೆದುಕೊಂಡು ಮತ್ತೆ ಮತ್ತೆ ಆ ಮನೆಗೆ ಹೋದಳು. ಕೂಸನ್ನು ಮೈ ಒರೆಸಲು ಕೆಳಗಿಳಿಸಿದಾಗ ಅದರ ಮೈ ತುಸು ತಣ್ಣಗಾಗುತ್ತದೆ. ಮತ್ತೆ ಎದೆಗೆ ಹಚ್ಚಿಕೊಂಡರೆ ಗದಿಗೆಪ್ಪನ ಬೆನ್ನಿನ ಕಿತ್ತಳೆ ಕಣ್ಣೆದುರೇ ಹೊಳಪಾಗುತ್ತದೆ. ಕೂಸು ಬೆಚ್ಚಗಾದಂತೆ ಹೊಳಪು ನಿಧಾನಕ್ಕೆ ತಗ್ಗುತ್ತದೆ. ಎದೆಯ ಮೇಲಿನ ಭಾರದಿಂದ ಹೀಗಾಗುತ್ತಿದೆಯೇ ಎಂದು ಅವಳು ಅಷ್ಟೇ ತೂಕದ ನೀರಿನ ಚೀಲ ಕಟ್ಟಿ ನೋಡಿದಳು, ಏನೂ ಆಗಲಿಲ್ಲ. ನೀರನ್ನು ತಣ್ಣಗೆ ಮಾಡಿ ಕಟ್ಟಿದಳು. ಗದಿಗೆಪ್ಪ ಹಲ್ಲು ಕಡಿದ, ಬೆನ್ನು ಮಾತ್ರ ಸುಮ್ಮನಿತ್ತು. ಅದೇ ತಣ್ಣನೆಯ ಚೀಲಕ್ಕೆ ಕೂಸು ಹಾಕಿಕೊಂಡಿದ್ದ ಟೋಪಿ ಸುತ್ತಿ ಕಟ್ಟಿದಾಗ ಕಿತ್ತಳೆ ಎದ್ದಿತು. ಒಗೆದ ಟೋಪಿ ಸುತ್ತಿದರೆ ಏಳಲಿಲ್ಲ. ವಾಸನೆ ಇರಬೇಕೆಂದು ಮೂಗಿಗೆ ಕ್ಲಿಪ್ ಹಾಕಿಸಿ ನೋಡಿದರೆ ಆಗಲೂ ಎದ್ದಿತು. ಮೂಗಿಗೆ ಇದರಲ್ಲಿ ಕೆಲಸವಿರಲಿಲ್ಲ. ಚರ್ಮಕ್ಕೆ ಚರ್ಮವೇ ಏನನ್ನೋ ಹೇಳುತ್ತಿತ್ತು.

ತಣ್ಣಗಾದ ಕೂಸಿನ ಚರ್ಮದಿಂದ ಜಿನುಗುವ ಯಾವುದೋ ಒಂದು ಪದಾರ್ಥ, ಅದರ ಜೊತೆಗೆ ಆ ತಣ್ಣನೆಯ ಸ್ಪರ್ಶ. ಎರಡೂ ಒಟ್ಟಿಗೆ ಬಂದರೆ ಮುದುಕನ ಆರಿದ ಕೊಬ್ಬು ಎದ್ದು ಉರಿಯುತ್ತದೆ. ಮಾಲಿನಿ ಇದನ್ನು ಬರೆದು ತೋರಿಸಿದಾಗ ದೇಸಾಯಿ ಈ ಸಲ ನಗಲಿಲ್ಲ. ಕಂಪನಿಯವರು ಟೋಪಿ ತೊಳೆದ ನೀರಿನಿಂದ ಆ ಪದಾರ್ಥವನ್ನು ಬೇರ್ಪಡಿಸತೊಡಗಿದರು. ಹದಿನೈದು ದಿನ ಮುದುಕನಿಂದ ಕೂಸನ್ನು ಬೇರೆ ಇಟ್ಟು ನೋಡಿದರೆ ಸಾಕ್ಷಿ ಗಟ್ಟಿಯಾಗುತ್ತದೆ ಎಂದು ಅವರಲ್ಲೊಬ್ಬ ಹೇಳಿದ. ಎರಡು ಕಿಲೋ ತೂಗದ ಕೂಸನ್ನು ಸಾಕ್ಷಿಗೋಸ್ಕರ ಕೆಳಗಿಡುವುದಿಲ್ಲ ಎಂದು ಮಾಲಿನಿ ಹೇಳಿಬಿಟ್ಟಳು. ಆದರೆ ಮನಸ್ಸಿನೊಳಗೆ, ಇಟ್ಟರೆ ಏನಾಗುತ್ತದೆ ಎಂಬ ಕುತೂಹಲ ಅವಳಿಗೂ ಇತ್ತು.

ಇಷ್ಟೆಲ್ಲ ನಡೆಯುವಾಗ ಭಾರತಿ ಒಳಕೋಣೆಯ ಮಂಚದ ಮೇಲಿಂದ ನೋಡುತ್ತಿದ್ದಳು. ಅವಳಿಗೆ ಇಪ್ಪತ್ತೈದು ತುಂಬಿರಲಿಲ್ಲ. ಹೆತ್ತ ಕೂಸನ್ನು ಅವಳು ಮೊದಲ ಸಲ ಕಂಡದ್ದೇ ಅದಕ್ಕೆ ತಿಂಗಳು ಕಳೆದ ಮೇಲೆ. ಹಾಲು ಬತ್ತಿತ್ತು. ಕೂಸಿಗೆ ಆಸ್ಪತ್ರೆಯ ಹಾಲಿನ ಬ್ಯಾಂಕಿನಿಂದ ತಂದ ಹಾಲನ್ನು ಒಳಲೆಯಲ್ಲಿ ಗದಿಗೆಪ್ಪನೇ ಕುಡಿಸುತ್ತಿದ್ದ. ಒಮ್ಮೆ ಅವಳ ಪಕ್ಕದಲ್ಲಿ ಮಲಗಿಸಿದಾಗ ಅದು ಅತ್ತೂ ಅತ್ತೂ ಕೆಂಪಾಗಿ, ಅಜ್ಜನ ಎದೆಗೆ ಹೋದ ಕೂಡಲೆ ಸುಮ್ಮನಾಗಿತ್ತು. ಓಣಿಯ ಹೆಂಗಸರು ಬಂದು, ಗದಿಗೆಪ್ಪಜ್ಜ ವಯಸ್ಸಿಗೆ ಬಂದಾನ ನೋಡ್ರಿ ಎಂದು ಚೇಷ್ಟೆ ಮಾಡಿ ಹೋಗುತ್ತಿದ್ದರು. ಡಾಕ್ಟರು ಬರುತ್ತಿದ್ದರು, ಅಪ್ಪನ ಬೆನ್ನು ನೋಡುತ್ತಿದ್ದರು, ಕೂಸಿನ ಟೋಪಿ ಒಯ್ಯುತ್ತಿದ್ದರು. ಭಾರತಿಯನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಮಾಲಿನಿ ಕ್ಯಾಮೆರಾ ಜೋಡಿಸುತ್ತಿರುವಾಗ ಭಾರತಿ ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದಳು. ಬಂದು ನೆಲದ ಮೇಲೆ ಬೆನ್ನು ಮಾಡಿ ಕೂತಳು.

"ಬಾಯಾರ, ಅದನ್ನ ಒಮ್ಮೆ ನನ್ನ ಮ್ಯಾಲ ಹಿಡೀರಿ" ಎಂದಳು.

ಮಾಲಿನಿ ಗದಿಗೆಪ್ಪನನ್ನು ಅತ್ತ ತಿರುಗಿ ಕೂರಲು ಹೇಳಿ, ಭಾರತಿಯ ರವಿಕೆಯನ್ನು ಬೆನ್ನಿನಿಂದ ಸರಿಸಿ ಕ್ಯಾಮೆರಾ ಹಿಡಿದಳು. ರೋಗದಿಂದ ಬೆನ್ನು ಸೊರಗಿ ಎಲುಬು ಎಣಿಸುವಂತಾಗಿತ್ತು. ಆದರೂ ಹೆಗಲಮೂಳೆಗಳ ನಡುವೆ ಒಂದು ಅಚ್ಚ ಕಿತ್ತಳೆ ಹೊಳೆಯುತ್ತಿತ್ತು. ತೆರೆಯನ್ನು ಅವಳ ಮುಂದೆ ಹಿಡಿದು ತೋರಿಸಿದಳು.

"ಹಂಗಾದ್ರ ನನ್ನ ಹತ್ರಾನೂ ಬಿಸಿ ಐತಿ."

"ಅದ ನೋಡವಾ. ಬೇಕಾದಷ್ಟದ" ಎಂದಳು ಮಾಲಿನಿ.

ಭಾರತಿ ರವಿಕೆ ಸರಿಮಾಡಿಕೊಂಡು ಅಪ್ಪನ ಕಡೆ ತಿರುಗಿದಳು. "ಯಪ್ಪಾ, ಇನ್ನ ಕೊಡು."

ಗದಿಗೆಪ್ಪನ ಕೈ ಕೂಸಿನ ಬೆನ್ನಿನ ಮೇಲಿತ್ತು, ಅಲ್ಲೇ ಇತ್ತು. ಹೊಟ್ಟೆಯ ಗಾಯಕ್ಕೆ ಭಾರ ತಾಗುತ್ತದೆ, ಇನ್ನೂ ಸ್ವಲ್ಪ ದಿನ ಹೋಗಲಿ ಎಂದ. ಗಾಯ ಮಾದಿದೆ ಎಂದು ಡಾಕ್ಟರು ಹೋದ ವಾರವೇ ಹೇಳಿದ್ದಾರೆ, ಹೇಳುವಾಗ ನೀನೂ ಅಲ್ಲೇ ಇದ್ದೆ ಎಂದು ಭಾರತಿ ದನಿ ಏರಿಸದೆ ಹೇಳಿದಳು. ಅವನು ಕೂಸಿನ ಟೋಪಿ ಸರಿಮಾಡಿದ. ಆಮೇಲೆ ಬೆನ್ನ ಹಿಂದೆ ಕೈ ಹಾಕಿ ಸೀರೆಯ ಗಂಟು ಬಿಚ್ಚತೊಡಗಿದ. ಎಷ್ಟೋ ಸಲ ಕಟ್ಟಿ ಬಿಚ್ಚಿದ ಗಂಟು, ಅಂದು ಅವನ ಬೆರಳಿಗೆ ಸಿಗಲಿಲ್ಲ. ಮಾಲಿನಿ ಎದ್ದು ಬಿಚ್ಚಿಕೊಟ್ಟಳು.

ತಾಯಿಯ ಎದೆಗೆ ಹೋದ ಕೂಸು ಅತ್ತಿತು. ಗದಿಗೆಪ್ಪ ಅಂಗಿ ಹಾಕಿಕೊಂಡು ಅಂಗಳಕ್ಕೆ ಹೋಗಿ ನಿಂತ. ಅಳು ಏರಿದಾಗೊಮ್ಮೆ ಅವನು ಬಾಗಿಲ ಕಡೆ ಎರಡು ಹೆಜ್ಜೆ ಬಂದು, ಮತ್ತೆ ಹಿಂದೆ ಸರಿಯುತ್ತಿದ್ದ. ಬಹಳ ಹೊತ್ತಿನ ಮೇಲೆ ಒಳಗೆ ಸದ್ದಡಗಿತು. ಭಾರತಿ ಏನೋ ಗುನುಗುತ್ತಿರುವುದು ಮಾತ್ರ ಕೇಳುತ್ತಿತ್ತು.

ಮಾಲಿನಿ ಹೊರಡುವಾಗ ಅವನು ಹೇಳಿದ, "ಆಕಿ ಗಾಯ ಮಾದದ್ದು ನನಗ ಗೊತ್ತಿತ್ರಿ ಬಾಯಾರ. ಬಿಡಾಕ ಮನಸಾಗ್ಲಿಲ್ಲ. ಕೂಸಿನ ಸಲವಾಗಿ ಅಂತ ಅಂದ್ಕೊಂಡಿದ್ದೆ. ಖರೇ ಹೇಳಬೇಕಂದ್ರ ನನ್ನ ಸಲವಾಗಿ."

ಕೂಸಿಗೆ ಅಕ್ಟೋಬರಿನಲ್ಲಿ ಹೆಸರಿಟ್ಟರು, ಐಶ್ವರ್ಯ ಎಂದು. ಅಷ್ಟು ಹೊತ್ತಿಗೆ ಅದು ಗುಂಡಗುಂಡಗೆ ಆಗಿ ತಾಯಿಯ ಸೆರಗು ಬಿಡದಂತಾಗಿತ್ತು. ಗದಿಗೆಪ್ಪನ ಬೆನ್ನು ದೀಪಾವಳಿಯ ಹೊತ್ತಿಗೆ ಬೂದಾಯಿತು. ಕಂಪನಿಯವರು ಟೋಪಿಯಿಂದ ತೆಗೆದ ಪದಾರ್ಥವನ್ನು ಒಂದು ಹನಿ ಅವನ ಎದೆಗೆ ಸವರಿ, ಮೇಲೆ ತಣ್ಣನೆಯ ಚೀಲ ಕಟ್ಟಿ ನೋಡಿದರು. ಮೊದಲ ದಿನ ಕಿತ್ತಳೆ ಎದ್ದಿತು, ಎರಡನೆಯ ದಿನ ಅರ್ಧಕ್ಕೆ ಬಂತು, ಆಮೇಲೆ ಏಳಲೇ ಇಲ್ಲ. ಕೂಸು ಬೆಚ್ಚಗಾಗುತ್ತ ಹೋದಂತೆ ತನ್ನ ಕರೆಯನ್ನು ಕಡಿಮೆ ಮಾಡುತ್ತದೆ, ತಣ್ಣಗಾದರೆ ಏರಿಸುತ್ತದೆ. ಸೀಸೆಯಲ್ಲಿದ್ದದ್ದು ಒಂದೇ ಸಮ ಕೂಗುತ್ತಿತ್ತು, ಮೈ ಅದಕ್ಕೆ ಕಿವಿಗೊಡುವುದನ್ನು ಬಿಟ್ಟಿತು. ಮಾಲಿನಿ ಹೀಗೆ ಊಹಿಸಿದಳು. ಕಂಪನಿಯವರು ಬೇರೆ ಊಹೆ ಮಾಡಿ, ಬೇರೆ ಹನಿಗಳನ್ನು ತಯಾರಿಸಲು ಹೋದರು.

ಅವಳಿಗೆ ಉಳಿದದ್ದು ಒಂದು ಪ್ರಶ್ನೆ. ಮೈ ಓಗೊಡುವುದು ಸ್ವಂತ ಮೊಮ್ಮಗುವಿನ ಕರೆಗೆ ಮಾತ್ರವೋ, ಯಾವ ಕೂಸು ಕರೆದರೂ ಸರಿಯೋ? ಗದಿಗೆಪ್ಪನನ್ನು ಕೇಳಿದಾಗ ಅವನು ಒಪ್ಪಲಿಲ್ಲ. ತನ್ನದಾದರೆ ತನ್ನದು, ಬೇರೆಯವರ ಕೂಸನ್ನು ಬರಿಮೈಗೆ ಹಚ್ಚಿಕೊಂಡರೆ ಅದರ ತಾಯಿ ಏನಂದಾಳು ಎಂದ. ತಾಯಿ ಏನಂದಾಳು ಎಂಬುದು ಅವನಿಗೆ ಈಗ ಚೆನ್ನಾಗಿ ಗೊತ್ತಿತ್ತು.

ಡಿಸೆಂಬರಿನಲ್ಲಿ ಚಳಿ ಬಿದ್ದಾಗ ಆಸ್ಪತ್ರೆಯ ಎಳೆಗೂಸುಗಳ ವಾರ್ಡು ತುಂಬಿತು. ಒಂದೊಂದು ಶಾಖಪೆಟ್ಟಿಗೆಯಲ್ಲಿ ಎರಡೆರಡು ಕೂಸು ಮಲಗಿಸಿದ್ದರು. ಹಾಜಿರಾ ಎಂಬ ಕುಂದಗೋಳದ ಹೆಂಗಸೊಬ್ಬಳು ದಿನ ತುಂಬದೆ ಹೆತ್ತು, ರಕ್ತ ಬಹಳ ಹೋಗಿ ಏಳಲಾರದೆ ಬಿದ್ದಿದ್ದಳು, ಕೂಸನ್ನು ಎದೆಗೆ ಕಟ್ಟಿಕೊಳ್ಳಲು ಅವಳ ಕಡೆಯವರು ಯಾರೂ ಜೊತೆಗಿರಲಿಲ್ಲ. ಹಿಂದೆ ಗದಿಗೆಪ್ಪನ ಎದೆಗೆ ಕೂಸು ಕಟ್ಟಿದ್ದ ನರ್ಸ್ ಫ್ಲೋರಿನ್ ಅವನಿಗೆ ಫೋನ್ ಮಾಡಿದಳು. ಫೋನ್ ಎತ್ತಿದ್ದು ಭಾರತಿ. ಮಾತು ಕೇಳಿಸಿಕೊಂಡು, ಹೋಗು ಎಂದು ಅಪ್ಪನಿಗೆ ಹೇಳಿದಳು. ಅವನು ಹಿಂದೆಮುಂದೆ ನೋಡಿದ. ಕೂಸಿಗೆ ಚಳಿ ಆಗೈತಂತ, ನೀ ಏನ್ ಇಚಾರ ಮಾಡ್ತಿ ಎಂದು ಅವಳು ಅವನ ಚಪ್ಪಲಿಗಳನ್ನು ಬಾಗಿಲಿಗೆ ತಂದಿಟ್ಟಳು.

ಫ್ಲೋರಿನ್ ಹಾಜಿರಾಳ ಒಪ್ಪಿಗೆ ಕೇಳಿದಾಗ ಅವಳು ಹೂಂ ಎಂದಳೇ ಹೊರತು ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. ಗದಿಗೆಪ್ಪ ಮೈ ತೊಳೆದುಕೊಂಡು, ವಾರ್ಡಿನ ಆಚೆ ತುದಿಯಲ್ಲಿ ಪರದೆಯ ಮರೆಗೆ ಕುರ್ಚಿ ಹಾಕಿಸಿಕೊಂಡು ಕೂತ. ಈ ಕೂಸು ಹುಟ್ಟಿದಾಗಿನ ಐಶ್ವರ್ಯಳಿಗಿಂತಲೂ ಸಣ್ಣದು. ಅವನು ಉಸಿರಾಡಲೂ ಹೆದರಿದವನಂತೆ ಕೂತಿದ್ದ. ಮಾಲಿನಿ ಹಿಂದೆ ನಿಂತು ಕ್ಯಾಮೆರಾ ಹಿಡಿದಳು. ಬೂದು. ಮರುದಿನವೂ ಬೂದು. ಕೂಸು ಅವನಿಗಿರುವ ಅಷ್ಟಿಷ್ಟು ಬಿಸಿಯಲ್ಲೇ ಹೇಗೋ ಬೆಚ್ಚಗಿತ್ತು. ಸ್ವಂತ ರಕ್ತಕ್ಕೆ ಮಾತ್ರ ಎಂದು ಬರೆಯಬೇಕಾಗುತ್ತದೇನೋ ಎಂದು ಅವಳು ದೇಸಾಯಿಯವರಿಗೆ ಹೇಳಿದಳು.

ಮೂರನೆಯ ದಿನ ಮಧ್ಯಾಹ್ನ ಭಾರತಿ ಅಪ್ಪನಿಗೆ ಬುತ್ತಿ ತಂದಳು. ಕಂಕುಳಲ್ಲಿ ಐಶ್ವರ್ಯ ಇದ್ದಳು. ಬುತ್ತಿಯನ್ನು ಫ್ಲೋರಿನ್ ಕೈಗೆ ಕೊಟ್ಟು, ಹಾಜಿರಾಳ ಮಂಚದ ಹತ್ತಿರ ಹೋಗಿ ನಿಂತಳು. ಹಾಜಿರಾ ಕಣ್ಣು ತೆರೆದು ಯಾರೆಂದು ಕೇಳಿದಳು. ನಿನ್ನ ಕೂಸನ್ನು ಕಟ್ಟಿಕೊಂಡಿರುವವನು ನನ್ನಪ್ಪ, ಇದು ನನ್ನ ಮಗಳು, ಇದೂ ಅಲ್ಲೇ ಬೆಳೆದದ್ದು ಎಂದು ಭಾರತಿ ಹೇಳಿದಳು. ಹಾಜಿರಾ ಐಶ್ವರ್ಯಳನ್ನು ನೋಡಿದಳು. ಕೆನ್ನೆ ನೋಡಿದಳು, ತೊಡೆಯ ಮಡಿಕೆ ನೋಡಿದಳು. ಅವಳ ಕಣ್ಣು ತುಂಬಿದವು.

"ನನ್ನ ಗುರುತ ಹತ್ತತೈತೇನು ಅದಕ್ಕ?" ಎಂದು ಕೇಳಿದಳು.

ಭಾರತಿ ಮಂಚದ ಅಂಚಿಗೆ ಕೂತಳು. "ಮೊದಲ ಅಳತೈತಿ. ನನ್ನದೂ ಅತ್ತಿತ್ತು. ನನಗ ಭಾಳ ಕೆಟ್ಟ ಅನಿಸಿತ್ತು, ನಮ್ಮಪ್ಪನ ಮ್ಯಾಲ ಸಿಟ್ಟ ಬಂದಿತ್ತು. ಆಮ್ಯಾಲ ಬರ್ತೈತಿ. ಬಂದ್ರ ಮತ್ತ ಬಿಡೂದಿಲ್ಲ." ಹೇಳುತ್ತಿರುವಂತೆ ಐಶ್ವರ್ಯ ಅವಳ ತಾಳಿಸರ ಜಗ್ಗಿ ಬಾಯಿಗೆ ಹಾಕಿಕೊಂಡಳು. ಹಾಜಿರಾಳಿಗೆ ನಗು ಬಂತು, ನಕ್ಕರೆ ಹೊಟ್ಟೆ ನೋಯುತ್ತದೆಂದು ತಡೆದುಕೊಂಡಳು.

ಭಾರತಿ ಎದ್ದು ಪರದೆಯ ಹಿಂದೆ ಹೋಗಿ ಅಪ್ಪನಿಗೆ ಏನೋ ಹೇಳಿದಳು. ಗದಿಗೆಪ್ಪ ಒಂದು ಕೈಯಲ್ಲಿ ಕೂಸನ್ನು ಆನಿಸಿಕೊಂಡು ನಿಧಾನವಾಗಿ ಎದ್ದ. ಮಾಲಿನಿ ಕುರ್ಚಿ ತಂದು ಹಾಜಿರಾಳ ಮಂಚಕ್ಕೆ ತಾಗಿಸಿ ಹಾಕಿದಳು. ಅವನು ಹಾಜಿರಾಳ ಮುಖ ನೋಡಲು ಸಂಕೋಚಪಟ್ಟು ಕಿಟಕಿಯ ಕಡೆ ಮುಖ ಮಾಡಿ ಕೂತ. ಫ್ಲೋರಿನ್ ಕೂಸನ್ನು ಕಟ್ಟಿದ್ದ ಸೀರೆಯ ಒಂದು ಮಡಿಕೆ ಸಡಿಲಿಸಿ ಹಾಜಿರಾಳ ಕೈಯನ್ನು ಒಳಗೆ ಸೇರಿಸಿದಳು. ಕೈ ಸೋತಿತ್ತು, ಬೆರಳು ಅರ್ಧದಲ್ಲೇ ನಿಂತವು. ಗದಿಗೆಪ್ಪ ನಡು ಬಗ್ಗಿಸಿ ಇನ್ನಷ್ಟು ಹತ್ತಿರ ಸರಿದ.

ಅವನ ಬಗ್ಗಿದ ಬೆನ್ನು ಮಾಲಿನಿಯ ಎದುರಿಗೇ ಇತ್ತು. ಅವಳು ಕ್ಯಾಮೆರಾ ಎತ್ತಿದಳು. ಹೆಗಲಮೂಳೆಗಳ ನಡುವೆ ಗುಲಗಂಜಿಯಷ್ಟು ಕಿತ್ತಳೆ ಹೊತ್ತಿಕೊಂಡಿತ್ತು. ಮೂರು ದಿನದಿಂದ ಮೈ ತನ್ನಷ್ಟಕ್ಕೆ ಸಿದ್ಧವಾಗುತ್ತಿತ್ತೋ, ಇಂದೇ ಏನಾದರೂ ಆಯಿತೋ, ನೋಡುತ್ತಲೇ ಅದು ಹುಣಸೆಬೀಜದಷ್ಟಾಯಿತು. "ಕಾಕಾ, ಹತ್ತೇದ ನೋಡ್ರಿ" ಎಂದಳು.

ಗದಿಗೆಪ್ಪ ಕೇಳಿಸಿಕೊಳ್ಳಲಿಲ್ಲ. "ಕೈ ಮುಟ್ಟತೈತೇನವಾ?" ಎಂದು ಕಿಟಕಿಯನ್ನೇ ನೋಡುತ್ತ ಹಾಜಿರಾಳನ್ನು ಕೇಳುತ್ತಿದ್ದ.

ಅವಳು ಬಟ್ಟೆಯ ಒಳಗೆ ಬೆರಳು ಆಡಿಸಿ, ಕೂಸಿನ ಬೆನ್ನಿನ ಮೇಲೆ ಅಂಗೈ ಊರಿದಳು.

"ಮುಟ್ಟತೈತ್ರಿ" ಎಂದಳು.